ಏಳು ನ್ಯಾನೊಸೆಕೆಂಡಿನೊಳಗೆ ಮುಗಿಯಬೇಕಾದ ಕೆಲಸ

ಕಂಪ್ಯೂಟರ್‌ಗಳನ್ನು ಕೇಬಲ್ಲಿನಿಂದ ಜೋಡಿಸುವ ಈಥರ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಮಾಹಿತಿ ಪ್ಯಾಕೆಟ್ ಎಂಬ ತುಂಡುಗಳಾಗಿ ಸಾಗುತ್ತದೆ; ಅತಿ ಚಿಕ್ಕ ಪ್ಯಾಕೆಟ್‌ನ ಅಳತೆ 64 ಬೈಟ್. ಅದರ ಮುಂದೆ ಹೋಗುವ ಮುನ್ಸೂಚನೆಯ ಬಿಟ್‌ಗಳನ್ನೂ ಎರಡು ಪ್ಯಾಕೆಟ್‌ಗಳ ನಡುವೆ ಬಿಡಲೇಬೇಕಾದ ಅಂತರವನ್ನೂ ಸೇರಿಸಿದರೆ ಕೇಬಲ್ಲಿನಲ್ಲಿ ಅದು 84 ಬೈಟ್, ಅಂದರೆ 672 ಬಿಟ್‌ಗಳಷ್ಟು ಜಾಗ ಹಿಡಿಯುತ್ತದೆ. ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ಕೇಬಲ್ಲಿನಲ್ಲಿ ಇಂಥ ಪ್ಯಾಕೆಟ್‌ಗಳು ಒಂದರ ಬೆನ್ನಿಗೊಂದು ಬಂದರೆ ಪ್ರತಿಯೊಂದಕ್ಕೂ ಸಿಗುವ ಕಾಲ ಕೇವಲ 6.72 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್‌ಗೆ ಇದು ಸುಮಾರು 20 ಮಿಡಿತಗಳ (ಅದರ ಕೆಲಸದ ಲಯ ಕಾಯುವ ಗಡಿಯಾರದ ಬಡಿತಗಳ) ಅವಧಿ. ಅದೇ ಪ್ರೊಸೆಸರ್ ಮುಖ್ಯ ಮೆಮೊರಿಯಿಂದ ಒಂದು ತುಣುಕು ಮಾಹಿತಿ ತರಿಸಿಕೊಳ್ಳಬೇಕಾದರೆ ಇದರ ಹತ್ತು ಪಟ್ಟಿನಷ್ಟು ಹೊತ್ತು ಕಾಯಬೇಕು. ಸರ್ವರನ್ನು ಕೇಬಲ್ಲಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡು ಇಂದು ಪಡೆದಿರುವ ರೂಪದ ಬಹುಪಾಲು ಈ ಇಕ್ಕಟ್ಟಿನಿಂದಲೇ ಹುಟ್ಟಿದ್ದು.

1973ರಲ್ಲಿ ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟತೊಡಗಿದ ಮೊದಲ ಈಥರ್‌ನೆಟ್‌ನ ವೇಗ 2.94 ಮೆಗಾಬಿಟ್. 1998ರಲ್ಲಿ ಗಿಗಾಬಿಟ್, 2010ರಲ್ಲಿ 100 ಗಿಗಾಬಿಟ್, 2017ರಲ್ಲಿ 400 ಗಿಗಾಬಿಟ್ ವೇಗದ ಮಾನಕಗಳು ಬಂದವು. ಪ್ರೊಸೆಸರ್‌ನ ಮಿಡಿತವಾದರೋ ಎರಡು ದಶಕಗಳಿಂದ ಹೆಚ್ಚೇನೂ ಮುಂದೆ ಸರಿದಿಲ್ಲ.

ಹಳೆಯ ಕಾರ್ಡುಗಳು ಪ್ಯಾಕೆಟ್ ಬಂದಾಗಲೆಲ್ಲ ಪ್ರೊಸೆಸರ್‌ನ ಕೆಲಸ ತಡೆದು ಅದರ ಗಮನ ಸೆಳೆಯುತ್ತಿದ್ದವು. ಸಾವಿರಾರು ಪ್ಯಾಕೆಟ್‌ಗಳಿಗೆ ನಡೆಯುತ್ತಿದ್ದ ಈ ಪದ್ಧತಿ ಕೋಟಿಗಟ್ಟಲೆ ಪ್ಯಾಕೆಟ್‌ಗಳಿಗೆ ನಡೆಯದು. ಆದ್ದರಿಂದ ಇಂದಿನ ಕಾರ್ಡು ಸರ್ಕಾರಿ ಕಚೇರಿಯ ಆವಕ ಶಾಖೆಯಂತೆ ವರ್ತಿಸುತ್ತದೆ: ಬಂದ ಪ್ಯಾಕೆಟ್‌ಗಳನ್ನು ಪ್ರೊಸೆಸರ್‌ನ ಕೈ ತಾಗಿಸದೆ ನೇರವಾಗಿ ಮೆಮೊರಿಯಲ್ಲಿ ಇರಿಸಿ, ಒಂದಷ್ಟು ಸೇರಿದ ಮೇಲೆ ಒಮ್ಮೆ ಸೂಚನೆ ಕೊಡುತ್ತದೆ. ಕಳುಹಿಸಿದವರ ಮತ್ತು ಪಡೆಯುವವರ ವಿಳಾಸ, ಪೋರ್ಟ್ ಸಂಖ್ಯೆಗಳಿಂದ (ಯಾವ ಪ್ರೋಗ್ರಾಮಿಗೆ ಸೇರಿದ್ದೆಂದು ಹೇಳುವ ಸಂಖ್ಯೆಗಳು) ಒಂದು ಹ್ಯಾಶ್, ಅಂದರೆ ಅವುಗಳ ಗುರುತಾಗಿ ನಿಲ್ಲುವ ಚಿಕ್ಕ ಸಂಖ್ಯೆ, ಲೆಕ್ಕ ಹಾಕಿ, ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಪ್ರೊಸೆಸರ್‌ನ ಒಂದೇ ಕೋರ್‌ಗೆ (ಸ್ವತಂತ್ರವಾಗಿ ಕೆಲಸ ಮಾಡುವ ಭಾಗಕ್ಕೆ) ತಲುಪುವಂತೆ ಹಂಚುತ್ತದೆ. ಒಂದು ಕಡತ ಒಬ್ಬನೇ ವಿಷಯ ನಿರ್ವಾಹಕನ ಮೇಜಿಗೆ ಹೋಗುವ ಹಾಗೆ. (ಕಚೇರಿಗಳಲ್ಲಿ ಹಾಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ.) ಹೊರಹೋಗುವ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ಕತ್ತರಿಸುವುದು, ತಪ್ಪು ಪತ್ತೆಗೆ ಬೇಕಾದ ಮೊತ್ತವನ್ನು ಲೆಕ್ಕ ಹಾಕುವುದು ಇವೂ ಕಾರ್ಡಿನ ಪಾಲಿಗೇ ಬಂದಿವೆ.

ಇದರ ಮುಂದಿನ ಹೆಜ್ಜೆಯಾದ ಆರ್‌ಡಿಎಂಎಯಲ್ಲಿ (ರಿಮೋಟ್ ಡೈರೆಕ್ಟ್ ಮೆಮೊರಿ ಆಕ್ಸೆಸ್) ಒಂದು ಸರ್ವರ್‌ನ ಕಾರ್ಡು ಇನ್ನೊಂದರ ಮೆಮೊರಿಗೆ, ಅಲ್ಲಿನ ಆಪರೇಟಿಂಗ್ ಸಿಸ್ಟಂ ನಡುವೆ ಬಾರದಂತೆ, ನೇರವಾಗಿ ಬರೆಯುತ್ತದೆ. ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡುವಾಗ ಸಾವಿರಾರು ಜಿಪಿಯುಗಳು (ಒಟ್ಟೊಟ್ಟಿಗೆ ಅನೇಕ ಲೆಕ್ಕ ಮಾಡುವ ಚಿಪ್‌ಗಳು) ಪ್ರತಿ ಹಂತದಲ್ಲೂ ಫಲಿತಾಂಶ ಹಂಚಿಕೊಳ್ಳಬೇಕಾಗಿರುವುದರಿಂದ, 400 ಗಿಗಾಬಿಟ್ ಕಾರ್ಡುಗಳಿಗೆ ಇಂದು ದೊಡ್ಡ ಗಿರಾಕಿಗಳು ಅಲ್ಲಿಯೇ ಇದ್ದಾರೆ.

ಕೇಬಲ್ಲಿನಲ್ಲಿಯೂ ಲೆಕ್ಕ ಬದಲಾಗಿದೆ. ಸಂಕೇತದ ಬಲಕ್ಕೆ ಎರಡೇ ಮಟ್ಟಗಳ ಬದಲು ನಾಲ್ಕು ಮಟ್ಟಗಳನ್ನು ಬಳಸಿ, ಸಂಕೇತದ ಒಂದು ಮಿಡಿತದಲ್ಲಿ ಎರಡು ಬಿಟ್ ಕಳುಹಿಸಲಾಗುತ್ತದೆ. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ತಪ್ಪುಗಳು ಹೆಚ್ಚುವುದರಿಂದ, ಅವನ್ನು ಹಾದಿಯಲ್ಲೇ ತಿದ್ದುವ ಹೆಚ್ಚುವರಿ ಬಿಟ್‌ಗಳು ಈಗ ಐಚ್ಛಿಕವಲ್ಲ, ಅನಿವಾರ್ಯ.

ಇಷ್ಟೆಲ್ಲ ಇದ್ದೂ ಎಡವುವ ಜಾಗ ಕಾರ್ಡು ಕೂರುವ ಸ್ಲಾಟು. ಸ್ಲಾಟನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹಾದಿಯ ನಾಲ್ಕನೆಯ ತಲೆಮಾರಿನಲ್ಲಿ 16 ಲೇನುಗಳು (ಸಮಾನಾಂತರ ಓಣಿಗಳು) ಒಂದು ದಿಕ್ಕಿನಲ್ಲಿ ಸುಮಾರು 250 ಗಿಗಾಬಿಟ್ ಮಾತ್ರ ಸಾಗಿಸಬಲ್ಲವು, ಐದನೆಯದು ಸುಮಾರು 500. ಹಳೆಯ ಸರ್ವರ್‌ಗೆ 400 ಗಿಗಾಬಿಟ್ ಕಾರ್ಡು ಸಿಕ್ಕಿಸಿದವರು ಹಣ ಪೂರ್ತಿ ತೆತ್ತು, ವೇಗವನ್ನು ಮಾತ್ರ ಅರ್ಧಕ್ಕೆ ತುಸು ಮೇಲಷ್ಟೇ ಪಡೆಯುತ್ತಾರೆ.