ಚಂದ್ರನ ಆಚೆ ಬದಿಯ ಮೌನ

ಚಂದ್ರನ ಮೇಲೆ ದೂರದರ್ಶಕ ಇಡಬೇಕೇ ಎಂಬ ಮಾತಿಗೆ ನನ್ನದೂ ಒಂದು ಮಾತು. ನನ್ನ ಕೆಲಸ ರೇಡಿಯೊ ಆಂಟೆನಾಗಳದ್ದು. ದಿನದ ಅರ್ಧ ಹೊತ್ತು ಹೋಗುವುದು ನಮ್ಮದೇ ಗದ್ದಲವನ್ನು ಸೋಸುವುದಕ್ಕೆ. ಪರದೆಯ ಮೇಲೆ 88ರಿಂದ 108 ಮೆಗಾಹರ್ಟ್ಸ್ ನಡುವೆ ಕಡ್ಡಿ ನೆಟ್ಟ ಹಾಗೆ ಗೆರೆಗಳು ನಿಂತಿರುತ್ತವೆ. ಅವು ಎಫ್‌ಎಂ ಸ್ಟೇಷನ್‌ಗಳು. ಊರು ಬಿಟ್ಟು ದೂರ ಹೋದರೂ ತಪ್ಪುವುದಿಲ್ಲ, ಹಾರುವ ವಿಮಾನಕ್ಕೆ ಬಡಿದು ವಾಪಸ್ ಬರುತ್ತವೆ.

ನಾವು ಹುಡುಕುವ ಸಿಗ್ನಲ್ ಇರುವುದೂ ಅದರ ಆಸುಪಾಸಿನಲ್ಲೇ. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಅಲೆ ಮೂಲದಲ್ಲಿ 1,420 ಮೆಗಾಹರ್ಟ್ಸ್‌ನದು. ವಿಶ್ವದ ಜೊತೆ ಹಿಗ್ಗುತ್ತಾ ಇಲ್ಲಿಗೆ ಮುಟ್ಟುವಾಗ ನೂರಕ್ಕಿಂತ ಕೆಳಗೆ ಇಳಿದಿರುತ್ತದೆ. ಇದಕ್ಕಾಗಿಯೇ 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಸಿದರು. ನೆಲದ ಮೇಲಾದರೆ ಮಣ್ಣಿನ ಪದರಗಳಿಂದ ಅಲೆ ತಿರುಗಿ ಬಂದು ಅಳತೆ ಕೆಡುತ್ತದೆ. ನೀರಾದರೆ ಒಂದೇ ಸಮ. ಇನ್ನೂ ಹಳೆಯ ಕಾಲದ ಅಲೆ ಬೇಕೆಂದರೆ ಕೆರೆಯೂ ಸಾಲದು. ಅದು ಇನ್ನಷ್ಟು ಹಿಗ್ಗಿ ಇನ್ನೂ ಕೆಳಗೆ ಇಳಿದಿರುತ್ತದೆ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ, ಅಂದರೆ ಭೂಮಿಯ ಅಯಾನುಗೋಳವೇ ತಡೆದುಬಿಡುತ್ತದೆ.

ಆಗ ಉಳಿಯುವುದು ಭೂಮಿಗೆ ಎಂದೂ ಕಾಣದ ಚಂದ್ರನ ಹಿಂಭಾಗ. ನಡುವೆ 3,474 ಕಿ.ಮೀ. ಅಡ್ಡಳತೆಯ ಕಲ್ಲು ಇದೆ, ಅಲ್ವಾ? 1973ರಲ್ಲಿ ಹಾರಿದ ಅಮೆರಿಕದ ಉಪಗ್ರಹವೊಂದು ಚಂದ್ರನ ಹಿಂದೆ ಸರಿದಾಗಲೆಲ್ಲ ಭೂಮಿಯ ಗದ್ದಲ ಅಡಗಿದ್ದನ್ನು ದಾಖಲಿಸಿತ್ತು.

ಬೆಳಕಿನ ದೂರದರ್ಶಕಕ್ಕೆ ಚಂದ್ರನ ನೆಲವೇ ಬೇಕು ಎಂದು ನನಗೆ ಅನಿಸುವುದಿಲ್ಲ. ಅಲ್ಲಿನ ದೂಳು ಚೂಪು, ಕನ್ನಡಿಗೆ ಅಂಟಿದರೆ ಕಷ್ಟ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಹಾಗೆ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ತೇಲುವುದೇ ವಾಸಿ. ಆದರೆ ನಮ್ಮ ಆಂಟೆನಾ ಅಂದರೆ ಒಂದು ಉದ್ದನೆಯ ಲೋಹದ ತಂತಿ. ದೂಳು ಕೂತರೂ ಕೆಲಸ ಮಾಡುತ್ತದೆ.

ಕಷ್ಟ ಇರುವುದು ರಾತ್ರಿಯಲ್ಲಿ. ಅಲ್ಲಿನ ಒಂದು ರಾತ್ರಿ ನಮ್ಮ 14 ದಿನ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಒಂದು ಹಗಲು ಚೆನ್ನಾಗಿ ದುಡಿದು ಮಲಗಿತು, ಮತ್ತೆ ಏಳಲಿಲ್ಲ. ಅದನ್ನು ಕಟ್ಟಿದ್ದೇ ಒಂದು ಹಗಲಿಗೆ. ನಮಗೆ ಬೇಕಾದದ್ದು ಮಾತ್ರ ರಾತ್ರಿಯೇ, ಸೂರ್ಯನ ಗದ್ದಲವೂ ಇಲ್ಲದ ಹೊತ್ತು. ಅಂಥ ಚಳಿಯಲ್ಲಿ ಬ್ಯಾಟರಿಯನ್ನು ಎರಡು ವಾರ ಬೆಚ್ಚಗಿಡಬೇಕು. ಒಯ್ಯುವ ತೂಕದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಹಾಗಾಗಿ ಮೊದಲ ಹೆಜ್ಜೆಯಾಗಿ ನನಗೆ ಒಪ್ಪಿಗೆಯಾಗುವುದು ರಾಮನ್ ಸಂಸ್ಥೆಯವರದೇ 'ಪ್ರತುಷ್' ಯೋಜನೆ. ಇಳಿಯುವ ಗೋಜಿಲ್ಲ. ಚಂದ್ರನನ್ನು ಸುತ್ತುತ್ತಾ, ಹಿಂದೆ ಸರಿದಾಗಲೆಲ್ಲ ಕಿವಿಗೊಡುವುದು.

ನನ್ನ ಆತಂಕವೇ ಬೇರೆ. ಚೀನಾದ ಚಾಂಗ್'ಇ-4 2019ರ ಜನವರಿಯಲ್ಲಿ ಹಿಂಭಾಗಕ್ಕೆ ಇಳಿದಾಗ ರೇಡಿಯೊ ಆಂಟೆನಾವನ್ನೂ ಒಯ್ದಿತ್ತು. ಅಲ್ಲಿ ಅಳತೆಗೆ ಅಡ್ಡ ಬಂದದ್ದು ನೌಕೆಯ ಸ್ವಂತ ಎಲೆಕ್ಟ್ರಾನಿಕ್ಸ್‌ನ ಗದ್ದಲ. ಒಂದು ನೌಕೆಗೇ ಹೀಗಾದರೆ, ನಾಳೆ ಜನ ಉಳಿಯುವ ನೆಲೆ ಬಂದಾಗ? ಸೋಲಾರ್ ವಿದ್ಯುತ್ತನ್ನು ಮಾರ್ಪಡಿಸುವ ಕನ್ವರ್ಟರ್, ಮೋಟಾರು, ವೈಫೈ, ಮೇಲೆ ಸಂದೇಶ ದಾಟಿಸುವ ಉಪಗ್ರಹಗಳು. ಹಿಂಭಾಗವನ್ನು ಗದ್ದಲದಿಂದ ಕಾಪಾಡಬೇಕೆಂಬ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮ ಇದೆ. ಆದರೆ ಕನ್ವರ್ಟರ್ ನಿಯಮ ಓದುವುದಿಲ್ಲ. ಅಲ್ಲಿಗೆ ಹೋಗುವ ಪ್ರತಿ ಉಪಕರಣವನ್ನೂ ಇಲ್ಲೇ ಹೊರಗಿನ ಅಲೆ ನುಗ್ಗದ ಲೋಹದ ಕೋಣೆಯೊಳಗಿಟ್ಟು, ಎಷ್ಟು ಗದ್ದಲ ಸೋರುತ್ತದೆ ಎಂದು ಅಳೆದೇ ಕಳಿಸಬೇಕು. ಅದು ನಮಗೆ ಗೊತ್ತಿರುವ ಕೆಲಸ. ನೆಲೆಯ ನಕ್ಷೆ ಬರೆಯುವವರು ನಮ್ಮನ್ನು ಈಗಲೇ ಕರೆಯಲಿ.