ವಜ್ರದುಂಗುರ: ಗಣಿ ಪಕ್ಕದಲ್ಲೇ ಇತ್ತು, ಪದ್ಧತಿ ಮಾತ್ರ ಹೊರಗಿಂದ ಬಂತು

ನಿಶ್ಚಿತಾರ್ಥದ ಬಂಗಾರ ಕೊಳ್ಳುವಾಗ ಬಳ್ಳಾರಿ, ರಾಯಚೂರು ಕಡೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟು ತೊಲೆ, ಇವತ್ತಿನ ರೇಟು ಎಷ್ಟು, ಮೇಕಿಂಗ್ ಚಾರ್ಜಲ್ಲಿ ಎಷ್ಟು ಬಿಡ್ತೀರಿ ಅಂತ ಅವರೇ ಶುರು ಮಾಡುತ್ತಾರೆ. ಹುಡುಗ ಹುಡುಗಿ ವಜ್ರದುಂಗುರ ಬೇಕು ಅಂದರೆ ಮಾತ್ರ ಆ ಧೈರ್ಯ ಕಾಣೋದಿಲ್ಲ. 'ವಜ್ರ ಎಲ್ಲರಿಗೂ ಆಗಿಬರೋದಿಲ್ಲ' ಅನ್ನೋ ಒಂದು ಮಾತು ಬರುತ್ತೆ, ಅಷ್ಟೇ.

ವಜ್ರ ಈ ಸೀಮೆಗೆ ಹೊಸದೇನಲ್ಲ. ಗುಂತಕಲ್ ಹತ್ತಿರದ ವಜ್ರಕರೂರು 1882ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಅನಂತಪುರ ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಹೋಯಿತು. ಮೊದಲ ಮಳೆ ಬಿದ್ದ ಮೇಲೆ ಆ ಭಾಗದ ಹೊಲಗಳಲ್ಲಿ ಜನ ಇವತ್ತಿಗೂ ನೆಲ ನೋಡಿಕೊಂಡು ಹರಳು ಹುಡುಕುತ್ತಾರೆ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ಹೆಚ್ಚುಕಡಿಮೆ ಎಲ್ಲ ವಜ್ರವೂ ಭಾರತದ್ದೇ. ಬೋರ್ನಿಯೋದಲ್ಲಿ ಒಂದಿಷ್ಟು ಸಿಗುತ್ತಿತ್ತು.

ಆದರೆ ಆ ಹರಳು ಜನರ ಕೈಗೆ ಬರಲಿಲ್ಲ. 1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಗಣಿ ಗುತ್ತಿಗೆ ಹಿಡಿದವನು 20 ಮಂಗೆಲಿನ್ (ಆಗ ಹರಳು ತೂಗುತ್ತಿದ್ದ ಅಳತೆ) ಮೀರಿದ ವಜ್ರಗಳನ್ನು ರಾಜನ ಖಜಾನೆಗೆ ಕೊಡಬೇಕಿತ್ತು ಎನ್ನುತ್ತಾನೆ. ಈಗಿನ ಲೆಕ್ಕದಲ್ಲಿ ಅದು 20 ಕ್ಯಾರೆಟ್‌ಗಿಂತ ಜಾಸ್ತಿಯೇ. ಹಂಪಿ ಬೀದಿಯಲ್ಲಿ ಮುತ್ತು ರತ್ನ ಬಳ್ಳದಲ್ಲಿ ಅಳೆದರು ಅಂತ ನಾವು ಹೆಮ್ಮೆಪಡುತ್ತೇವೆ. ಅಳೆದವರು ಯಾರು, ಕೊಂಡವರು ಯಾರು? ಹೊಲದಲ್ಲಿ ದುಡಿಯುವವರಂತೂ ಅಲ್ಲ.

ಓದಿದವರ ಪುಸ್ತಕಗಳಲ್ಲೂ ಭಯವೇ ಜಾಸ್ತಿ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ ಪರೀಕ್ಷೆಗೇ ಒಂದು ಅಧ್ಯಾಯವಿದೆ. ದೋಷವಿರುವ ವಜ್ರ ಕೇಡು ತರುತ್ತೆ, ಗಂಡುಮಗು ಬಯಸುವ ಹೆಂಗಸರು ವಜ್ರ ತೊಡಬಾರದು ಅನ್ನೋ ಮತವೂ ಅಲ್ಲಿ ಸಿಗುತ್ತೆ. ಹಿರಿಯರ 'ಆಗಿಬರೋದಿಲ್ಲ' ಎಲ್ಲೋ ಅಲ್ಲಿಂದಲೇ ಇಳಿದು ಬಂದಂತಿದೆ. ಕೈಗೆ ಸಿಗದ ವಸ್ತುವಿನ ಬಗ್ಗೆ ಹೆದರಿಕೆ ಉಳಿಯಿತು, ತಿಳಿವಳಿಕೆ ಬೆಳೆಯಲಿಲ್ಲ.

ಮದುವೆಗೆ ವಜ್ರದುಂಗುರ ಬೇಕೇ ಬೇಕು ಅನ್ನೋದು ಮಾತ್ರ ತೀರಾ ಇತ್ತೀಚಿನ ಕಥೆ. ಯುರೋಪಿನ ರಾಜಮನೆತನಗಳಲ್ಲಿ ಅದು ಹಿಂದೆಯೇ ಇತ್ತು. 1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕ ಮೇಲೆ ಹರಳು ರಾಶಿ ರಾಶಿ ಬರತೊಡಗಿತು. ಬೆಲೆ ಬೀಳದಂತೆ ಹಿಡಿಯಬೇಕಿತ್ತು. 1888ರಲ್ಲಿ ಹುಟ್ಟಿದ ಡಿ ಬೀರ್ಸ್ ಕಂಪನಿ ಆ ಕೆಲಸ ಮಾಡಿತು. 1938ರಲ್ಲಿ ಅದು ಅಮೆರಿಕದ ಜಾಹೀರಾತು ಸಂಸ್ಥೆ ಎನ್.ಡಬ್ಲ್ಯು. ಆಯರ್‌ನ ನೆರವು ಪಡೆಯಿತು. 'ವಜ್ರ ಎಂದೆಂದಿಗೂ' ಅನ್ನೋ ಅರ್ಥದ ಘೋಷಣೆಯನ್ನು ಅಲ್ಲಿನ ಫ್ರಾನ್ಸಿಸ್ ಗೆರೆಟಿ ಬರೆದದ್ದು 1947ರಲ್ಲಿ. ಜಾಹೀರಾತು ಏನು ಮಾಡಬಲ್ಲದು ಅನ್ನೋದಕ್ಕೆ ಜಪಾನ್ ನೋಡಿ. 1967ರಲ್ಲಿ ಅಲ್ಲಿ ನೂರಕ್ಕೆ ಐದು ಹುಡುಗಿಯರ ಬೆರಳಲ್ಲೂ ನಿಶ್ಚಿತಾರ್ಥದ ವಜ್ರ ಇರಲಿಲ್ಲ. 1981ರ ಹೊತ್ತಿಗೆ ಅರವತ್ತು ಮಂದಿಗೆ ಇತ್ತು.

ನಮ್ಮಲ್ಲಿ ತಾಳಿ, ಕಾಲುಂಗುರ ಇರೋವಾಗ ವಜ್ರ ಶಾಸ್ತ್ರಕ್ಕೆ ಬೇಕಾದದ್ದೇನೂ ಅಲ್ಲ. ಇಷ್ಟಪಟ್ಟರೆ ತಗೊಳ್ಳಿ, ಬೀಗರ ಮುಂದೆ ಮಾನಕ್ಕೆ ಅಂತ ಸಾಲ ಮಾಡಬೇಡಿ.

ತಗೊಳ್ಳೋದಾದರೆ ಬಂಗಾರದ ಲೆಕ್ಕವನ್ನು ಬದಿಗಿಡಬೇಕು. ಒಂದು ತೊಲೆಗೆ ಇಷ್ಟು, ಎರಡು ತೊಲೆಗೆ ಅದರ ದುಪ್ಪಟ್ಟು ಅನ್ನೋದು ಇಲ್ಲಿ ನಡೆಯೋದಿಲ್ಲ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರಲ್ಲಿ 100 ಸೆಂಟ್. 50 ಸೆಂಟಿನ ಒಂದೇ ಹರಳಿಗೂ, 5 ಸೆಂಟಿನ ಹತ್ತು ಹರಳಿಗೂ ತೂಕ ಒಂದೇ. ಬೆಲೆಯಲ್ಲಿ ಮಾತ್ರ ಒಂಟಿ ಹರಳು ಎಷ್ಟೋ ದುಬಾರಿ. ತೂಕ, ಬಣ್ಣ, ಶುದ್ಧತೆ, ಕಟ್ (ಹರಳನ್ನು ಕತ್ತರಿಸಿ ಮುಖ ತೀಡಿದ ರೀತಿ) ನಾಲ್ಕೂ ಬೆಲೆ ನಿರ್ಧರಿಸುತ್ತವೆ. ನನ್ನ ಕೇಳಿದರೆ ಕಟ್‌ಗೆ ದುಡ್ಡು ಹಾಕಿ. ಹೊಳಪು ಬರೋದು ಅದರಿಂದಲೇ. ಬರಿಗಣ್ಣಿಗೆ ಕಾಣದ ಚುಕ್ಕೆ ಒಳಗಿದ್ದರೆ ಇರಲಿ ಬಿಡಿ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಮಿಂಚುತ್ತೆ, ಉಂಗುರವನ್ನು ಬಾಗಿಲ ಬೆಳಕಿಗೆ ತಂದು ನೋಡಿ.

ಚಿನ್ನದಲ್ಲಿ ಕ್ಯಾರೆಟ್ ಅಂದರೆ ತೂಕವಲ್ಲ, ಶುದ್ಧತೆಯ ಅಳತೆ. 22 ಕ್ಯಾರೆಟ್ ಬಂಗಾರ ಮೆತ್ತಗೆ, ಹರಳು ಹಿಡಿದ ಕೊಕ್ಕೆ ಬೇಗ ಸಡಿಲವಾಗುತ್ತೆ. ಅದಕ್ಕೇ ವಜ್ರದುಂಗುರ ಸಾಮಾನ್ಯವಾಗಿ 18 ಕ್ಯಾರೆಟ್‌ನಲ್ಲಿ ಬರುತ್ತೆ. ಅದರ ಮೇಲೆ 750 ಅಂತಿರುತ್ತೆ, ಅಂದರೆ ನೂರಕ್ಕೆ 75 ಭಾಗ ಚಿನ್ನ. ಅಜ್ಜಿ ಇದನ್ನು ಕಲಬೆರಕೆ ಅಂದರೂ ಮೋಸ ಅಂದುಕೊಳ್ಳಬೇಡಿ. ಆ ಹಾಲ್‌ಮಾರ್ಕ್ ಹೇಳೋದು ಚಿನ್ನದ ಬಗ್ಗೆ ಮಾತ್ರ. ವಜ್ರಕ್ಕೆ ಬೇರೆ ಲ್ಯಾಬ್ ಸರ್ಟಿಫಿಕೇಟ್ ಬೇಕು. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ ಬೇರೆ ಬೇರೆ ಬರೆದಿರಬೇಕು.

ಈಗ ಇನ್ನೊಂದು ತಲೆಬಿಸಿ, ಲ್ಯಾಬ್ ವಜ್ರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲೇ ಪ್ರಯೋಗಾಲಯದಲ್ಲಿ ವಜ್ರ ಮಾಡಿತ್ತು. ಇವತ್ತು ಸೂರತ್‌ನಲ್ಲೂ ಬೆಳೆಸುತ್ತಾರೆ. ಇದು ಅಮೆರಿಕನ್ ಡೈಮಂಡ್ ಥರ ನಕಲಿ ಅಲ್ಲ, ನಿಜವಾದ ವಜ್ರವೇ. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಬೆಲೆ ಬಹಳ ಕಡಿಮೆ, ಇತ್ತೀಚಿನ ವರ್ಷಗಳಲ್ಲಿ ಇನ್ನೂ ಇಳಿದಿದೆ. ತೊಡೋದಕ್ಕಷ್ಟೇ ಆದರೆ ಒಳ್ಳೆಯದೇ. ಗಣಿಯದ್ದೋ ಲ್ಯಾಬಿನದ್ದೋ, ವಾಪಸ್ ಕೊಟ್ಟರೆ ಹರಳಿಗೆ ಎಷ್ಟು ಕೊಡುತ್ತಾರೆ ಅನ್ನೋದನ್ನು ದುಡ್ಡು ಕೊಡುವ ಮುಂಚೆಯೇ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ.