ಮಿಡಲ್ ಗ್ರೇಡ್ ಅಂದರೆ ಎಷ್ಟನೇ ಕ್ಲಾಸು?

ಗುರುತಿಲ್ಲದ ಮಗುವನ್ನು ಮಾತಿಗೆಳೆಯಲು ನಮ್ಮ ಕಡೆ ಒಂದು ಪ್ರಶ್ನೆ ಸದಾ ಸಿದ್ಧ: ‘ಎಷ್ಟನೇ ಕ್ಲಾಸು?’ ಅಮೆರಿಕದವರು ಇದನ್ನೇ ‘ಯಾವ ಗ್ರೇಡು?’ ಎಂದು ಕೇಳುತ್ತಾರೆ. ಅಲ್ಲಿ ಗ್ರೇಡ್ ಎಂದರೆ ತರಗತಿ. ಅಂಕಪಟ್ಟಿಯ ಎ ಗ್ರೇಡು, ಬಿ ಗ್ರೇಡಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ‘ಮಿಡಲ್ ಗ್ರೇಡ್’ ಎಂದು ಕೇಳಿದ ಕೂಡಲೇ ‘ಮಧ್ಯಮ ದರ್ಜೆ’ ಎಂದು ಕನ್ನಡಿಸುವ ಚಪಲ ಬರುತ್ತದೆ. ‘ಇವರು ಮಧ್ಯಮ ದರ್ಜೆಯ ಕಾದಂಬರಿಕಾರರು’ ಎಂದು ವೇದಿಕೆಯಲ್ಲಿ ಪರಿಚಯಿಸಿದರೆ ಹಾರ ಹಾಕಿಸಿಕೊಳ್ಳಲು ಬಂದವರ ಮುಖ ಹೇಗಾದೀತು!

ಇಂಗ್ಲಿಷ್ ಪುಸ್ತಕೋದ್ಯಮದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಮಿಡಲ್ ಗ್ರೇಡ್ ಎಂದರೆ ಸುಮಾರು 8ರಿಂದ 12 ವರ್ಷದ ಓದುಗರಿಗಾಗಿ ಬರೆದ ಪುಸ್ತಕ. ನಮ್ಮ ಲೆಕ್ಕಕ್ಕೆ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸು. ಇದರ ಕೆಳಗೆ ಚಿತ್ರಪುಸ್ತಕಗಳು, ಆಮೇಲೆ ಆರೇಳು ವರ್ಷದವರು ತಾವೇ ಓದಿಕೊಳ್ಳುವ, ಚಿಕ್ಕ ಚಿಕ್ಕ ಅಧ್ಯಾಯಗಳ ‘ಚಾಪ್ಟರ್ ಬುಕ್’ಗಳು. ಮೇಲೆ, 12 ದಾಟಿದವರ ‘ಯಂಗ್ ಅಡಲ್ಟ್’. ‘ಮಿಡಲ್ ಸ್ಕೂಲ್’ ಬೇರೆ. ಅದು ಅಲ್ಲಿ ಸಾಮಾನ್ಯವಾಗಿ ಆರರಿಂದ ಎಂಟನೇ ತರಗತಿಯ ಶಾಲೆ. ಮಿಡಲ್ ಗ್ರೇಡ್ ಓದುಗರಲ್ಲಿ ಎಷ್ಟೋ ಮಂದಿ ಆ ಶಾಲೆಯ ಗೇಟನ್ನೂ ಇನ್ನೂ ದಾಟಿರುವುದಿಲ್ಲ.

ಈ ವಿಂಗಡಣೆ ಒಮ್ಮೆಗೇ ಆದದ್ದಲ್ಲ. ಅಮೆರಿಕದ ಮ್ಯಾಕ್‌ಮಿಲನ್ ಸಂಸ್ಥೆ ಮಕ್ಕಳ ಪುಸ್ತಕಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆದದ್ದು 1919ರಲ್ಲಿ. 18ನೇ ಶತಮಾನದ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ನ್ಯೂಬೆರಿಯ ಹೆಸರಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ಪದಕ 1922ರಲ್ಲಿ ಶುರುವಾಯಿತು. ಅದರ ಲೆಕ್ಕದಲ್ಲಿ 14 ವರ್ಷದವರೆಗಿನ ಎಲ್ಲರೂ ಮಕ್ಕಳೇ. ಹದಿಹರೆಯದವರ ಸಾಹಿತ್ಯ ಬೇರೆ ಮನೆ ಮಾಡಿದ್ದು 1960ರ ದಶಕದಿಂದೀಚೆಗೆ. ದೊಡ್ಡವರು ಬೇರೆಯಾದ ಮೇಲೆ ನಡುವೆ ಉಳಿದವರಿಗೂ ಒಂದು ಹೆಸರು ಬೇಕಾಯಿತು. ಮುಂದೆ ಹ್ಯಾರಿ ಪಾಟರ್ ಬಂತು. ವಯಸ್ಕರ ಪುಸ್ತಕಗಳ ಮಾರಾಟಪಟ್ಟಿಯಲ್ಲಿ ಅದು ಮೇಲಿನ ಸ್ಥಾನಗಳನ್ನು ಬಿಟ್ಟುಕೊಡದೆ ಕೂತಾಗ, 2000ದಲ್ಲಿ ನ್ಯೂಯಾರ್ಕ್ ಟೈಮ್ಸ್ ಮಕ್ಕಳ ಪುಸ್ತಕಗಳಿಗೆ ಬೇರೆ ಪಟ್ಟಿಯನ್ನೇ ಮಾಡಬೇಕಾಯಿತು. ಮಿಡಲ್ ಗ್ರೇಡ್ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲೂ ಅದೇ ಸರಣಿ ಒಳ್ಳೆಯ ಉದಾಹರಣೆ. ಮೊದಲ ಪುಸ್ತಕದಲ್ಲಿ ಹುಡುಗನಿಗೆ 11, ಕೊನೆಯದರಲ್ಲಿ 17. ಮಿಡಲ್ ಗ್ರೇಡ್ ಆಗಿ ಶುರುವಾದದ್ದು ಯಂಗ್ ಅಡಲ್ಟ್ ಆಗಿ ಮುಗಿಯುತ್ತದೆ.

ವಯಸ್ಸು, ಪುಟ, ಪದಗಳ ಲೆಕ್ಕವೆಲ್ಲ ಮಾರುವವರ ಅನುಕೂಲಕ್ಕೆ. ಬರೆಯುವವರಿಗೆ ಬೇಕಾದದ್ದು ಬೇರೆ ಇದೆ, ಅದಕ್ಕೆ ಸ್ವಲ್ಪ ನಿಧಾನವಾಗಿಯೇ ಬರುತ್ತೇನೆ.

ಕಥೆಯಲ್ಲಿ ಮಗು ಇದ್ದ ಮಾತ್ರಕ್ಕೆ ಅದು ಮಿಡಲ್ ಗ್ರೇಡ್ ಆಗುವುದಿಲ್ಲ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಪುಸ್ತಕದ ಸ್ವಾಮಿಗೆ ಹತ್ತು ವರ್ಷ. ಮಕ್ಕಳು ಅದನ್ನು ಖುಷಿಯಿಂದ ಓದುತ್ತಾರೆ, ಟಿವಿಯಲ್ಲೂ ನೋಡಿದ್ದಾರೆ. ಆದರೆ ಅಲ್ಲಿ ಕಥೆ ಹೇಳುತ್ತಿರುವವರು ಸ್ವಾಮಿಯ ಹೆಗಲ ಮೇಲಿನಿಂದ ನಮ್ಮನ್ನು ನೋಡಿ ಮೆಲ್ಲಗೆ ನಗುವ ದೊಡ್ಡವರು. ಆ ನಗು ನಮಗೆ ಅರ್ಥವಾಗುತ್ತದೆ, ಸ್ವಾಮಿಗೆ ಆಗುವುದಿಲ್ಲ. ಮಿಡಲ್ ಗ್ರೇಡ್ ಪುಸ್ತಕದಲ್ಲಿ ಮಗುವಿನ ಬೆನ್ನ ಹಿಂದೆ ಇಂಥ ಕಣ್ಸನ್ನೆ ನಡೆಯುವುದಿಲ್ಲ. ಕಥೆಯ ಮಗುವಿಗೆ ಗೊತ್ತಿಲ್ಲದ್ದು ಓದುಗರಿಗೂ ಗೊತ್ತಿರುವುದಿಲ್ಲ, ಇಬ್ಬರೂ ಒಟ್ಟಿಗೇ ತಿಳಿದುಕೊಳ್ಳುತ್ತಾರೆ. ಇದರ ಉಲ್ಟಾ ಕೂಡ ಉಂಟು. ತೇಜಸ್ವಿಯವರ ‘ಪರಿಸರದ ಕತೆ’ ಮಕ್ಕಳಿಗೆಂದು ಹಣೆಪಟ್ಟಿ ಹಚ್ಚಿಕೊಂಡ ಪುಸ್ತಕವಲ್ಲ. ಆದರೂ ಆರನೇ ಕ್ಲಾಸಿನವರ ಕೈಗೆ ಅದು ಸಿಕ್ಕಿದರೆ ವಾಪಸ್ ಬರುವುದು ಕಷ್ಟ.

ಒಂದು ಸಣ್ಣ ಪರೀಕ್ಷೆ. ಅಜ್ಜ ತೀರಿಕೊಂಡ ಮನೆಯ ಮಗುವಿನ ಬಗ್ಗೆ ಹೀಗೆ ಬರೆಯಬಹುದು: ‘ಅಜ್ಜನ ಅಗಲಿಕೆಯಿಂದ ಪುಟ್ಟನ ಮುಗ್ಧ ಮನಸ್ಸಿಗೆ ಆಘಾತವಾಯಿತು. ಸಾವೆಂದರೇನೆಂದು ಆ ಎಳೆಯ ಜೀವಕ್ಕೆ ತಿಳಿಯದು.’ ಹೀಗೂ ಬರೆಯಬಹುದು: ‘ಅಜ್ಜನ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇತ್ತು. ಯಾರೂ ತೆಗೆದಿರಲಿಲ್ಲ. ನಾನು ತೆಗೆದರೆ ಬೈಯುತ್ತಾರೋ, ತೆಗೆಯದಿದ್ದರೆ ಬೈಯುತ್ತಾರೋ ಗೊತ್ತಾಗಲಿಲ್ಲ.’ ಮೊದಲನೆಯದು ಮಗುವಿನ ಬಗ್ಗೆ ದೊಡ್ಡವರು ಬರೆದುಕೊಂಡದ್ದು. ಎರಡನೆಯದನ್ನು ಹತ್ತು ವರ್ಷದವರು ಓದುತ್ತಾರೆ.

ಸಾವು ಎಂದೆ. ಮಕ್ಕಳ ಪುಸ್ತಕದಲ್ಲಿ ಸಾವೇ ಎಂದು ನಮ್ಮಲ್ಲಿ ಕೆಲವರು ಹುಬ್ಬೇರಿಸುತ್ತಾರೆ. 1952ರ ‘ಷಾರ್ಲಟ್ಸ್ ವೆಬ್’ನಲ್ಲಿ ಹಂದಿಮರಿಯ ಜೀವ ಉಳಿಸಿದ ಜೇಡ ಕೊನೆಗೆ ಒಂಟಿಯಾಗಿ ಸಾಯುತ್ತದೆ. ಅಮೆರಿಕದ ಮಕ್ಕಳು ಏಳು ದಶಕಗಳಿಂದ ಅದನ್ನು ಓದುತ್ತಲೇ ಬಂದಿದ್ದಾರೆ. 1978ರಲ್ಲಿ ನ್ಯೂಬೆರಿ ಪದಕ ಪಡೆದ ‘ಬ್ರಿಡ್ಜ್ ಟು ಟೆರಾಬಿಥಿಯಾ’ದಲ್ಲಂತೂ ಸಾಯುವುದು ಕಥೆಯ ಹುಡುಗನ ಗೆಳತಿಯೇ. ಅಪ್ಪನ ಸಾಲ, ಅಮ್ಮನ ಕಾಯಿಲೆ, ಜಾತಿಯ ಮಾತು, ಮನೆ ಬಿಟ್ಟುಹೋದ ಅಣ್ಣ, ಯಾವುದನ್ನೂ ದೂರ ಇಡಬೇಕಾಗಿಲ್ಲ. ಪುಸ್ತಕ ಮುಚ್ಚುವಾಗ ಮಗುವಿಗೆ ನಾಳೆ ಬೆಳಿಗ್ಗೆ ಏಳುವ ಮನಸ್ಸು ಉಳಿದಿರಬೇಕು, ಅಷ್ಟೇ. ಯಂಗ್ ಅಡಲ್ಟ್ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ವಿಷಯದ್ದಲ್ಲ, ಗಮನದ್ದು. ಹದಿನಾರರ ಹುಡುಗಿ ‘ನಾನು ಯಾರು?’ ಎಂದು ಕನ್ನಡಿ ನೋಡಿಕೊಳ್ಳುತ್ತಾಳೆ. ಹತ್ತರವಳಿಗೆ ಹೊರಗಿನದೇ ಚಿಂತೆ: ‘ನನ್ನ ಬೆಂಚಿನವಳು ಇವತ್ತು ಯಾಕೆ ಬೇರೆಯವಳ ಜೊತೆ ಊಟಕ್ಕೆ ಕೂತಳು?’

ಇನ್ನೊಂದು ಅಲಿಖಿತ ನಿಯಮ: ಸಮಸ್ಯೆಯನ್ನು ಬಿಡಿಸುವುದು ಮಗುವೇ ಆಗಬೇಕು, ಕೊನೇ ಅಧ್ಯಾಯದಲ್ಲಿ ಓಡಿಬರುವ ಪೊಲೀಸ್ ಮಾಮನಲ್ಲ. ಹಾಗಾಗಬೇಕಾದರೆ ದೊಡ್ಡವರನ್ನು ದಾರಿಯಿಂದ ಸರಿಸಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಇಷ್ಟೊಂದು ಅನಾಥ ಮಕ್ಕಳು, ಬೋರ್ಡಿಂಗ್ ಶಾಲೆಗಳು ಏಕೆ ಎಂಬುದರ ಗುಟ್ಟು ಇದು. ನಮ್ಮ ಮನೆಗಳಲ್ಲಿ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆ ಆಂಟಿ ಎಲ್ಲರೂ ಸದಾ ಹಾಜರು, ಜೊತೆಗೆ ಈಗ ಮೊಬೈಲು. ಏನು ಮಾಡುವುದು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು: ನವೋದಯ ಶಾಲೆಗಳಿಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಮಕ್ಕಳು ಸೇರುವುದು ಆರನೇ ಕ್ಲಾಸಿಗೆ. ಹನ್ನೊಂದರ ಹುಡುಗ ಟ್ರಂಕು ಹಿಡಿದು, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ಹಿಡಿದು, ಮೊದಲ ಬಾರಿ ಊರು ಬಿಡುತ್ತಾನೆ. ಡಾರ್ಮಿಟರಿಯ ಮೊದಲ ರಾತ್ರಿ ಮುಸುಕಿನೊಳಗೆ ಅಳುತ್ತಾನೆ. ಮಾಯಾಜಾಲದ ಶಾಲೆಯನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಏಕೆ ಹೋಗಬೇಕು?

ಎಂಟನೇ ವರ್ಷದಿಂದಲೇ ಏಕೆ ಶುರು ಎಂಬುದಕ್ಕೂ ಕಾರಣವಿದೆ. ಓದುವುದನ್ನು ಕಲಿಯುವ ಹಂತ ಮುಗಿದು, ಕಲಿಯಲಿಕ್ಕಾಗಿ ಓದುವ ಹಂತ ಶುರುವಾಗುವುದು ಹೆಚ್ಚುಕಡಿಮೆ ಆ ಹೊತ್ತಿಗೆ, ಎಂಟು–ಒಂಬತ್ತು ವರ್ಷಕ್ಕೆ, ಎಂದು ಅಮೆರಿಕದ ವಿದ್ವಾಂಸೆ ಜೀನ್ ಚಾಲ್ 1983ರಲ್ಲಿ ವಿವರಿಸಿದ್ದರು. ಅದು ಇಂಗ್ಲಿಷಿನ ಲೆಕ್ಕ. ಕನ್ನಡದ ಮಗು 26 ಅಕ್ಷರಗಳನ್ನು ಕಲಿತು ಕೈತೊಳೆದುಕೊಳ್ಳುವ ಹಾಗಿಲ್ಲ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ದಾಟಿ ಬರಬೇಕು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು, ಅಕ್ಷರಗಳ ಮೇಲೆ ಹಿಡಿತ ಸಿಗಲು ಶಾಲೆಯ ಮೊದಲ ಕೆಲವು ವರ್ಷಗಳೇ ಹಿಡಿಯುತ್ತವೆ ಎಂದು 2007ರಲ್ಲಿ ತೋರಿಸಿದರು. ಹಾಗಾಗಿ ಅಮೆರಿಕದ 8–12ನ್ನು ನಾನು ಕನ್ನಡದಲ್ಲಿ 9–13 ಎಂದು ಓದಿಕೊಳ್ಳುತ್ತೇನೆ. ಇದು ನನ್ನ ಅಂದಾಜು, ಶಾಸ್ತ್ರವಲ್ಲ.

ಬೆಂಗಳೂರಿನಂಥ ಕಡೆ ಇನ್ನೂ ಒಂದು ತೊಡಕಿದೆ. ಇಂಗ್ಲಿಷ್ ಮೀಡಿಯಮ್ಮಿನ ಹನ್ನೆರಡರ ಹುಡುಗಿ ನಾನೂರು ಪುಟದ ಇಂಗ್ಲಿಷ್ ಕಾದಂಬರಿಯನ್ನು ಎರಡು ದಿನದಲ್ಲಿ ಮುಗಿಸುತ್ತಾಳೆ. ಕನ್ನಡದಲ್ಲಿ ‘ಸಂಕ್ಷಿಪ್ತ’ ಎಂದು ಬಂದರೆ ನಿಂತುಬಿಡುತ್ತಾಳೆ. ಅಮೆರಿಕದ ಕನ್ನಡ ಶಾಲೆಗಳ ಮಕ್ಕಳದೂ ಇದೇ ಪಾಡು. ಅವಳಿಗೆ ಮೂರನೇ ಕ್ಲಾಸಿನ ಕನ್ನಡದಲ್ಲಿ ಏಳನೇ ಕ್ಲಾಸಿನ ಕಥೆ ಬೇಕು. ಮೊಲ–ಆಮೆ ಕೊಟ್ಟರೆ ಅವಮಾನ ಅವಳಿಗೂ ಹೌದು, ಕನ್ನಡಕ್ಕೂ ಹೌದು.

ನಮ್ಮ ‘ಮಕ್ಕಳ ಸಾಹಿತ್ಯ’ ಎಂಬ ಪದ ಒಂದು ದೊಡ್ಡ ಗೋಣಿಚೀಲ. ರಾಜರತ್ನಂ ಅವರ ‘ತುತ್ತೂರಿ’ ಹಾಡುವ ಮೂರರ ಮಗುವೂ, ಕಾರಂತರ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಓದುವ ಹನ್ನೆರಡರ ಹುಡುಗನೂ ಅದರೊಳಗೇ. ಮಿಡಲ್ ಗ್ರೇಡ್ ಎಂಬ ಪದ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿ, ಜರಡಿಯ ಹಾಗೆ. ಹಾಗೆಂದು ಕನ್ನಡದಲ್ಲಿ ಇಂಥವು ಇಲ್ಲವೇ ಇಲ್ಲ ಎಂದು ಯಾರೂ ಹೇಳಬಾರದು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಕಾದಂಬರಿಗಳಿಗೆ ಒಂದರ ಹಿಂದೊಂದು ಬಂದಿದೆ. ಮಕ್ಕಳಿಗೆ ಪದ್ಯ, ಸಣ್ಣಕಥೆ ಸಾಕು ಎಂಬ ಹಳೆಯ ಅಭ್ಯಾಸ ಸಡಿಲವಾಗುತ್ತಿದೆ.

ಇನ್ನು ಬರೆಯಹೊರಟವರಿಗೆ. ಒಂದು ಬೇಸಿಗೆ ಶಿಬಿರದಲ್ಲಿ ನಾನು ಆರನೇ ಕ್ಲಾಸಿನವರ ಮುಂದೆ ಕಥೆ ಓದಲು ಕೂತಿದ್ದೆ. ‘ಮುದ್ದು ಪುಟಾಣಿಗಳೇ’ ಎಂದು ಶುರುವಾಗುವ ಕಥೆ, ನನ್ನದೇ. ಎರಡನೇ ಪುಟಕ್ಕೆ ಹಿಂದಿನ ಸಾಲಿನ ಹುಡುಗನೊಬ್ಬ ಬಹಳ ವಿನಯದಿಂದ, ‘ಸಾರ್, ಇದು ನಮ್ಮ ತಂಗಿಗೆ ಚೆನ್ನಾಗಿರುತ್ತೆ’ ಎಂದ. ಅದಕ್ಕಿಂತ ಉಪಯುಕ್ತವಾದ ವಿಮರ್ಶೆ ನನಗೆ ಆಮೇಲೆ ಸಿಕ್ಕಿಲ್ಲ. ಪುಟ್ಟ, ಕಿಟ್ಟು, ಚಿನ್ನು ಎಂಬ ಹೆಸರುಗಳನ್ನು ಅಂದೇ ಬಿಟ್ಟೆ. ಹನ್ನೊಂದರ ಮಗುವಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿರುತ್ತದೆ, ಗೆಳೆಯರು ಇಟ್ಟ ಇನ್ನೊಂದು ಇರುತ್ತದೆ. ಎರಡೂ ಕಥೆಗೆ ಆಗುತ್ತವೆ. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಬಗ್ಗೆ ಓದಲು ಇಷ್ಟಪಡುತ್ತಾರೆ, ಚಿಕ್ಕವರ ಬಗ್ಗೆ ಅಲ್ಲ. ಹತ್ತರವರಿಗೆ ಬರೆಯುವಾಗ ಕಥೆಯ ಹುಡುಗಿಗೆ ಹನ್ನೆರಡಾಗಿರಲಿ.

ಮಾತು ಆ ಊರಿನದೇ ಇರಲಿ. ಧಾರವಾಡದ ಹುಡುಗ ಆಟದಲ್ಲಿ ಸೋತಾಗ ‘ನಾನು ನಿನ್ನೊಡನೆ ಮಾತನಾಡುವುದಿಲ್ಲ’ ಎನ್ನುವುದಿಲ್ಲ. ‘ಹೋಗಲೇ, ನಿನ್ನ ಕೂಡ ಮಾತು ಬಿಟ್ಟೆ’ ಎನ್ನುತ್ತಾನೆ. ಮಂಡ್ಯದ ಓದುಗರಿಗೆ ಅದು ಅರ್ಥವಾಗದೆ ಹೋಗುವುದಿಲ್ಲ. ಬರೆದದ್ದನ್ನು ಜೋರಾಗಿ ಓದಿ ನೋಡಿ, ನಾಲಿಗೆ ಎಲ್ಲಿ ತಡವರಿಸುತ್ತದೋ ಆ ವಾಕ್ಯ ಪಠ್ಯಪುಸ್ತಕದಿಂದ ಬಂದಿರುತ್ತದೆ. ನೀತಿಯನ್ನು ಕೊನೆಯಲ್ಲಿ ಹಚ್ಚುವ ಆಸೆಯಾದರೆ ಕೊನೆಯ ಪ್ಯಾರಾ ಹರಿದುಹಾಕಿ. ಬಹಳ ಸಲ ಕಥೆ ಅದರ ಹಿಂದಿನ ಪ್ಯಾರಾದಲ್ಲೇ ಮುಗಿದಿರುತ್ತದೆ.

ಉದ್ದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕದ ಸಂಪಾದಕರು ವಾಸ್ತವದ ಕಥೆಗೆ ಸುಮಾರು 30,000ದಿಂದ 50,000 ಪದ ಎನ್ನುತ್ತಾರೆ, ಫ್ಯಾಂಟಸಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಆ ಅಂಕಿಯನ್ನು ಹಾಗೇ ಕನ್ನಡಕ್ಕೆ ಹಾಕಬೇಡಿ. ‘ಹೋಗಬೇಕಾಗಿತ್ತಂತೆ’ ನಮಗೆ ಒಂದು ಪದ, ಇಂಗ್ಲಿಷಿಗೆ ಐದಾರು ಬೇಕು. ಅಲ್ಲಿನ ಏಜೆಂಟರ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಅಲ್ಲಿ ಏಜೆಂಟ್ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಸಿ ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇ. 15 ಪಡೆಯುತ್ತಾನೆ, ಲೇಖಕರಿಂದ ಮೊದಲೇ ಹಣ ಕೇಳುವ ಏಜೆಂಟನನ್ನು ಯಾರೂ ನಂಬುವುದಿಲ್ಲ. ಇಲ್ಲಿ ಹಸ್ತಪ್ರತಿ ನೇರವಾಗಿ ಪ್ರಕಾಶಕರಿಗೇ ಹೋಗುತ್ತದೆ. ಕಳಿಸುವ ಮೊದಲು ಹತ್ತಿರದ ಶಾಲೆಯ ಐದಾರು ಮಕ್ಕಳಿಗೆ ಕೊಡಿ. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ, ದೊಡ್ಡವರು ಕೇಳಿದರೆ ಅವರು ಹೌದು ಎಂದೇ ಅನ್ನುತ್ತಾರೆ. ‘ಎಲ್ಲಿ ಮುಚ್ಚಿಟ್ಟು ಆಡಲು ಹೋದೆ?’ ಎಂದು ಕೇಳಿ, ಪುಟದ ಸಂಖ್ಯೆ ಸಮೇತ ಹೇಳುತ್ತಾರೆ.

ಹೆಸರಿನ ಪ್ರಶ್ನೆ ಉಳಿಯಿತು. ಮರಾಠಿಯಲ್ಲಿ ‘ಕಿಶೋರ್’ ಎಂಬ ಮಕ್ಕಳ ಮಾಸಿಕ 1971ರಿಂದ ಬರುತ್ತಿದೆ, ಬಂಗಾಳಿಯಲ್ಲಿ ‘ಕಿಶೋರ ಸಾಹಿತ್ಯ’ ಎಂಬ ಶೆಲ್ಫೇ ಬೇರೆ ಇದೆ. ಕನ್ನಡದ ಕಿವಿಗೆ ಕಿಶೋರ ಎಂದರೆ ಮೀಸೆ ಚಿಗುರಿದ ಹುಡುಗ, ಹುಡುಗಿಯಂತೂ ಆ ಪದದೊಳಗೆ ಕಾಣುವುದೇ ಇಲ್ಲ. ‘ಹದಿಹರೆಯ’ಕ್ಕೆ ಇನ್ನೂ ಹೊತ್ತಿದೆ. ‘ಹೊಸ್ತಿಲ ಹರೆಯ’ ಎಂದು ಬಳಸಿ ನೋಡಿದೆ, ಪ್ರಕಾಶಕರೊಬ್ಬರು ಮದುವೆ ಕಾದಂಬರಿಯೇ ಎಂದು ಕೇಳಿದರು. ಸದ್ಯಕ್ಕೆ ನನ್ನ ಹಸ್ತಪ್ರತಿಯ ಮೊದಲ ಪುಟದಲ್ಲಿ ‘ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರಿಗೆ’ ಎಂದಷ್ಟೇ ಬರೆಯುತ್ತಿದ್ದೇನೆ.